ಸಾವಧಾನ ಭೋಜನ

ಉಣ್ಣುವಾಗ ರುಚಿ, ವಾಸನೆ, ಹಸಿವು, ತೃಪ್ತಿಗಳ ಕಡೆಗೆ ಪೂರ್ಣ ಗಮನ ಕೊಡುವ ಅಭ್ಯಾಸ. ಇದರ ಬೇರು ಬೌದ್ಧ ಪರಂಪರೆಯಲ್ಲಿದೆ. ಅತಿಯಾಗಿ ಉಂಡು ಏದುಸಿರು ಬಿಡುತ್ತಿದ್ದ ಕೋಸಲದ ದೊರೆ ಪಸೇನದಿಗೆ ಬುದ್ಧ ಮಿತಿಯರಿತು ಉಣ್ಣಲು ಹೇಳಿದ ಪ್ರಸಂಗ ಬೌದ್ಧ ಗ್ರಂಥವಾದ ಸಂಯುತ್ತ ನಿಕಾಯದಲ್ಲಿ ಬರುತ್ತದೆ. ಆ ಮಾತನ್ನು ಊಟದ ಹೊತ್ತಿಗೆ ನೆನಪಿಸಲು ದೊರೆ ಒಬ್ಬ ತರುಣನನ್ನೇ ನೇಮಿಸಿದನಂತೆ. ಆಧುನಿಕ ರೂಪಕ್ಕೆ ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ ಒತ್ತಡ ನಿವಾರಣಾ ತರಬೇತಿ ಮುಖ್ಯ ಆಧಾರ. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿಯುವುದು ಅದರ ಪ್ರಸಿದ್ಧ ಪಾಠ. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ತಲುಪಲು ಹೊತ್ತು ಹಿಡಿಯುವುದರಿಂದ, ನಿಧಾನವಾಗಿ ಉಂಡವರ ಕೈ ಅತಿಯಾಗುವ ಮೊದಲೇ ನಿಲ್ಲುವ ಸಂಭವ ಹೆಚ್ಚು. ಒತ್ತಡದಿಂದ ತಿನ್ನುವ ಚಪಲಕ್ಕೆ ಇದರಿಂದ ಪ್ರಯೋಜನ ಕಂಡಿದೆ. ತೂಕ ಇಳಿಕೆಯ ಫಲಿತಾಂಶ ಮಾತ್ರ ಏಕರೂಪವಾಗಿಲ್ಲ. ಈ ಅಭ್ಯಾಸದಿಂದ ತಟ್ಟೆಯಲ್ಲಿ ಬಿಡುವ ಅನ್ನವೂ ಮಾಂಸದ ಬಳಕೆಯೂ ಕಡಿಮೆಯಾದೀತೆಂಬ ಪರಿಸರಪರ ವಾದಕ್ಕೆ ಪುರಾವೆ ಇನ್ನೂ ತೆಳು.