ಮಂಗಳೂರಿನ ಅಕ್ಕಿ, ದ್ವೀಪದ ಕತ್ತ, 1847ರ ಬಿರುಗಾಳಿ

ಲಕ್ಷದ್ವೀಪ ಎಂದರೆ ಈಗ ನಮ್ಮ ಮೊಬೈಲಿಗೆ ಬರುವುದು ನೀಲಿ ನೀರಿನ ಫೋಟೊ. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲೇ ಇದ್ದವು. ಟಿಪ್ಪುವಿನ ಕಾಲದಲ್ಲಿ ಅವನ ಕೈಗೆ ಬಂದವು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಹೋದವು. ಕಲೆಕ್ಟರು ಕೂತಿದ್ದು ಮಂಗಳೂರಿನಲ್ಲಿ.

ಅಲ್ಲಿ ಭತ್ತ ಬೆಳೆಯುವುದಿಲ್ಲ. ಹವಳದ ಮರಳಿನ ಮೇಲೆ ತೆಂಗು, ಸುತ್ತ ಮೀನು, ಅಷ್ಟೇ. ಹೆಂಗಸರು ಸಿಪ್ಪೆ ನೆನೆಸಿ, ಬಡಿದು, ಕತ್ತದ ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡಂ ಎಂಬ ಹಾಯಿದೋಣಿಯಲ್ಲಿ ಹೇರಿಕೊಂಡು ಮಂಗಳೂರಿಗೆ ಬಂದು, ಅಕ್ಕಿ ಒಯ್ಯುತ್ತಿದ್ದರು. ಕತ್ತ ಸರ್ಕಾರವೇ ಕೊಳ್ಳಬೇಕು, ದರವೂ ಸರ್ಕಾರದ್ದೇ. ಮಾರುವವನಿಗೆ ಬೇರೆ ಗಿರಾಕಿ ಇಲ್ಲದ ಮೇಲೆ ದರ ಹೇಗಿದ್ದೀತು, ಅಡಿಕೆ ಮಾರಿದವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಕಡಲು ಬಂದ್. ಓಡಂಗಳನ್ನು ದಡಕ್ಕೆ ಎಳೆದು ಮಡಲು ಹೊದಿಸಿಡುವುದು. ಅಷ್ಟರೊಳಗೆ ಮನೆಗೆ ಅಕ್ಕಿ ಬಂದಿರಬೇಕು, ಇಲ್ಲದಿದ್ದರೆ ನಾಲ್ಕು ತಿಂಗಳು ತೆಂಗಿನಕಾಯಿ, ಮೀನೇ ಗತಿ.

ಮಳೆಗಾಲದ ಅಲೆಗಳು ಎಷ್ಟೇ ದೊಡ್ಡವಾಗಿದ್ದರೂ ಪಶ್ಚಿಮದ ಹವಳದ ದಿಬ್ಬಕ್ಕೆ ಬಡಿದು ಒಡೆಯುತ್ತವೆ. ಅದು ಜನಕ್ಕೆ ಗೊತ್ತಿದ್ದ ಕಡಲು. ಚಂಡಮಾರುತ ಹಾಗಲ್ಲ. ಅರಬ್ಬೀ ಸಮುದ್ರದಲ್ಲಿ ಅದು ಹೆಚ್ಚಾಗಿ ಏಳುವುದು ಮುಂಗಾರಿಗೆ ಸ್ವಲ್ಪ ಮೊದಲು, ಇಲ್ಲವೇ ಮುಂಗಾರು ಮುಗಿದ ಮೇಲೆ, ನೀರು ಕಾದಿರುವಾಗ.

1847ರ ಏಪ್ರಿಲ್‌ನಲ್ಲಿ ಬಂದದ್ದು ಅಂಥದ್ದು. ಕಲ್ಪೇನಿ, ಆಂದ್ರೋತ್, ಕಿಲ್ತಾನ್‌ಗಳಿಗೆ ಹೊಡೆಯಿತು. ಕಲ್ಪೇನಿಯ ಮೇಲೆ ಅಲೆ ಹತ್ತಿ ಹರಿಯಿತು. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ನೆಲ, ಹತ್ತಿ ನಿಲ್ಲಲು ಒಂದು ಗುಡ್ಡವೂ ಇಲ್ಲ. ಜನ ಕೊಚ್ಚಿಹೋದರು, ತೆಂಗು ಮಲಗಿತು. ಇಂಥ ದ್ವೀಪದ ಬಾವಿಯಲ್ಲಿ ಸಿಗುವುದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಮಳೆನೀರು. ಕಡಲು ಒಮ್ಮೆ ಒಳಗೆ ನುಗ್ಗಿದರೆ ಅದೂ ಉಪ್ಪಾಗುತ್ತದೆ. ತೆಂಗಿನ ಸಸಿ ನೆಟ್ಟರೆ ಕಾಯಿಗೆ ವರ್ಷಗಟ್ಟಲೆ ಕಾಯಬೇಕು. ಗಾಳಿ ನಿಂತ ಮೇಲೂ ಹಸಿವಿನಿಂದ ಜನ ಸತ್ತರು.

ಕಲ್ಪೇನಿ, ಆಂದ್ರೋತ್‌ಗಳು ಆಗ ಕಣ್ಣೂರಿನ ಅರಕ್ಕಲ್ ಮನೆತನದ್ದು. ಕಂಪನಿಯ ಅಧಿಕಾರಿ ವಿಲಿಯಂ ರಾಬಿನ್‌ಸನ್ ನೋಡಲು ಹೋದ, ಕಂಪನಿ ಪರಿಹಾರಕ್ಕೆ ಹಣ ಕೊಟ್ಟಿತು. ದಾನವಾಗಿ ಅಲ್ಲ, ಸಾಲವಾಗಿ. ಬಾಕಿ ತೀರಲಿಲ್ಲವೆಂದು 1854ರಲ್ಲಿ ದ್ವೀಪಗಳ ಆಡಳಿತವನ್ನೇ ತೆಗೆದುಕೊಂಡಿತು. ಮುಂದೊಮ್ಮೆ ಹಿಂದಿರುಗಿಸಿದರು, 1875ರಲ್ಲಿ ಮತ್ತೆ ಕಿತ್ತುಕೊಂಡರು. ಬಿರುಗಾಳಿಗಿಂತ ಅದರ ಬಡ್ಡಿಯೇ ದೊಡ್ಡದಾಯಿತು ಎಂದು ನಮಗನ್ನಿಸುತ್ತದೆ.

2017ರ ಡಿಸೆಂಬರ್ ಮೊದಲಲ್ಲಿ ಓಖಿ ಚಂಡಮಾರುತ ಇದೇ ದ್ವೀಪಗಳನ್ನು ಹಾದುಹೋಯಿತು. ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಮಂಜಿಗಳು ಅಕ್ಕಿ, ತರಕಾರಿ, ಸಿಮೆಂಟು ಹೇರಿಕೊಂಡು ಅಲ್ಲಿಗೆ ಹೊರಡುತ್ತವೆ. ಕಲ್ಪೇನಿಯ ಪೂರ್ವ ದಂಡೆಯುದ್ದಕ್ಕೂ ಹವಳದ ತುಂಡುಗಳ ಉದ್ದನೆಯ ದಿಣ್ಣೆಯಿದೆ. 1847ರಲ್ಲಿ ಕಡಲು ಎಸೆದುಹೋದದ್ದು ಎನ್ನುತ್ತಾರೆ.