ಗೋದಾವರಿ ಕಣಿವೆಯ ನೀರಾವರಿ ಕಡತಗಳು ಮತ್ತು ಶೋಧನಾ ವರದಿಗಾರಿಕೆ

ಶೋಧನಾ ಪತ್ರಿಕೋದ್ಯಮವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಗುಪ್ತ ಮಾಹಿತಿಯ ಸುತ್ತಲೇ ನಡೆದಿವೆ. ಪ್ರಕಟಿತ ಸರಕಾರಿ ಕಾಗದವನ್ನು ಓದುವ ವಿದ್ಯೆಯೂ ಅದರ ಪ್ರಧಾನ ಅಂಗವೆಂಬುದಕ್ಕೆ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ (ಹಿಂದಿನ ಔರಂಗಾಬಾದ್) ನೀರಾವರಿ ಪ್ರಕರಣ ಒಳ್ಳೆಯ ನಿದರ್ಶನ.

ಗೋದಾವರಿಯ ಮೇಲ್ದಂಡೆಯಲ್ಲಿ ನಾಸಿಕ. ಕೆಳಗೆ ಪೈಠಣದ ಜಾಯಕವಾಡಿ. 1965ರಲ್ಲಿ ಶಂಕುಸ್ಥಾಪನೆಯಾಗಿ 1976ರಲ್ಲಿ ಉದ್ಘಾಟನೆಗೊಂಡ ಈ ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 102 ಟಿ.ಎಂ.ಸಿ. ನಾಸಿಕದಲ್ಲಿ ಎಂಜಿನಿಯರುಗಳ ತರಬೇತಿ ಅಕಾಡೆಮಿ ‘ಮೇಟಾ’ ಇದೆ. ಸಂಭಾಜಿನಗರದಲ್ಲಿ 1980ರಲ್ಲಿ ಆರಂಭವಾದ ಜಲ ಮತ್ತು ಭೂ ನಿರ್ವಹಣಾ ಸಂಸ್ಥೆ ‘ವಾಲ್ಮಿ’. ಕಡತದ ಪರಿಭಾಷೆಯನ್ನು ಪತ್ರಿಕೆಗಳಿಗೆ ಬಿಡಿಸಿ ಹೇಳಿದವರಲ್ಲಿ ಇವುಗಳ ಒಳಗಿನವರೇ ಮುಖ್ಯರು. ಮೇಟಾದಲ್ಲಿ ಮುಖ್ಯ ಎಂಜಿನಿಯರರಾಗಿದ್ದ ವಿಜಯ ಪಾಂಢರೆಯವರು 2012ರಲ್ಲಿ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ವಾಲ್ಮಿಯಲ್ಲಿ ಅಧ್ಯಾಪಕರಾಗಿದ್ದ ಪ್ರದೀಪ ಪುರಂದರೆಯವರು ನೀರಿನ ಕಾನೂನು, ನಿರ್ವಹಣೆಗಳ ಬಗ್ಗೆ ಮರಾಠಿಯಲ್ಲಿ ನಿರಂತರವಾಗಿ ಬರೆದರು.

ಆದರೆ ವಿವಾದದ ಮೂಲ ಒಂದು ಮುದ್ರಿತ ಕೋಷ್ಟಕ. 2011-12ರ ಮಹಾರಾಷ್ಟ್ರ ಆರ್ಥಿಕ ಸಮೀಕ್ಷೆಯ ಪ್ರಕಾರ ಒಟ್ಟು ಬೆಳೆ ಕ್ಷೇತ್ರದಲ್ಲಿ ನೀರಾವರಿಯ ಪಾಲು 2000-01ರಲ್ಲಿ ಶೇ. 17.8, 2009-10ರಲ್ಲಿ ಶೇ. 17.9. ಆ ದಶಕದ ವೆಚ್ಚವನ್ನು ಪತ್ರಿಕೆಗಳು ಸುಮಾರು 70,000 ಕೋಟಿ ರೂಪಾಯಿಯೆಂದು ಬರೆದವು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೃಪ್ತರಾಗುವುದು ಶೋಧನೆಯಲ್ಲ. ‘ನಿರ್ಮಿತ ಸಾಮರ್ಥ್ಯ’ವೇ ಬೇರೆ, ನೀರು ಹರಿದ ಕ್ಷೇತ್ರವೇ ಬೇರೆ, ಬಾವಿಯ ನೀರು ಯಾವ ಲೆಕ್ಕದಲ್ಲಿ ಸೇರಿತು, ಛೇದವಾದ ಬೆಳೆ ಕ್ಷೇತ್ರವೇ ಬದಲಾಯಿತೇ ಎಂದು ಕೇಳಬೇಕಾಗುತ್ತದೆ. ಪಾಂಢರೆಯವರ ಪತ್ರವೂ ಆರೋಪವೇ ಹೊರತು ಸ್ವತಃ ಪುರಾವೆಯಲ್ಲ. 2012ರ ನವೆಂಬರಿನಲ್ಲಿ ಸರಕಾರದ ಶ್ವೇತಪತ್ರ ಬಂದಿತು. ಮಾಧವ ಚಿತಳೆಯವರ ತನಿಖಾ ಸಮಿತಿ 2014ರಲ್ಲಿ ವರದಿ ನೀಡಿತು. ಇವನ್ನು ಒಂದರ ಎದುರು ಒಂದಿಟ್ಟು ಓದಿದಾಗಲೇ ವಿಷಯ ತಿಳಿಯಾಗುತ್ತದೆ. ಕರ್ನಾಟಕ ಲೋಕಾಯುಕ್ತದ 2011ರ ಗಣಿ ವರದಿಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ: ಅಲ್ಲಿಯೂ ಪರವಾನಿಗೆಯನ್ನು ಸಾಗಣೆಯ ಲೆಕ್ಕದೊಡನೆ ತಾಳೆ ನೋಡಲಾಗಿತ್ತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ. 2005ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಕಾಯಿದೆಯ ಸಮನ್ಯಾಯ ತತ್ತ್ವದಂತೆ ಮೇಲಿನ ಜಲಾಶಯಗಳಿಂದ ಜಾಯಕವಾಡಿಗೆ ನೀರು ಬಿಡುವ ಕುರಿತು ಪ್ರಾಧಿಕಾರ 2014ರಲ್ಲಿ ಆದೇಶಿಸಿತು. 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬಂದಿತು. ನಾಸಿಕದ ವರದಿಗಾರನ ಓದುಗರು ನೀರು ಬಿಡುವವರು, ಸಂಭಾಜಿನಗರದವನ ಓದುಗರು ಕಾಯುವವರು. ಕೃಷ್ಣೆ, ಕಾವೇರಿಗಳ ವರದಿಗಳನ್ನು ಓದಿ ಬೆಳೆದ ನಮಗೆ ಈ ಇಕ್ಕಟ್ಟನ್ನು ವಿವರಿಸಬೇಕಾಗಿಲ್ಲ. ಮೇಲೆ ಬಿಟ್ಟ ನೀರಿಗೂ ಪೈಠಣಕ್ಕೆ ತಲುಪಿದ ನೀರಿಗೂ ನಡುವಣ ಕೊರತೆಯನ್ನು ನದೀಪಾತ್ರ ಹೀರಿತೋ, ದಡದ ಪಂಪುಗಳು ಎತ್ತಿದವೋ ಎಂಬುದನ್ನು ನಿರ್ಣಯಿಸಲು ಎರಡೂ ಕಡೆಯ ಮಾಪನ ಪುಸ್ತಕಗಳು ಒಂದೇ ಮೇಜಿನ ಮೇಲಿರಬೇಕು.