ಕೂಲಿಮಠದ ಮರಳು, ಮನೆಪಾಠದ ಗುಟ್ಟು



ಕಾಕನಕೋಟೆ ಎಂದೊಡನೆ ನೆನಪಾಗುವುದು ಖೆಡ್ಡಾ, ಅಲ್ಲವೇ? ಕಪಿಲಾ ನದಿಯ ದಡದಲ್ಲಿ 1971ರವರೆಗೂ ನಡೆದ ಖೆಡ್ಡಾಗಳಲ್ಲಿ, ಸೆರೆಸಿಕ್ಕ ಕಾಡಾನೆಯ ಎರಡೂ ಬದಿಗೆ ಪಳಗಿದ ಆನೆಗಳನ್ನು ನಿಲ್ಲಿಸುತ್ತಿದ್ದರು. ಮೊದಲು ಕಲಿತ ಆನೆಯ ನೆರವಿನಿಂದಲೇ ಹೊಸ ಆನೆಯನ್ನು ಹದಕ್ಕೆ ತರುತ್ತಿದ್ದರು. ಅಲ್ಲಿ ಹಗ್ಗವಿತ್ತು, ಬಲವಂತವಿತ್ತು. ಅದೇ ಕೆಲಸ ಮಕ್ಕಳ ನಡುವೆ ಸ್ನೇಹದಿಂದ ನಡೆದರೆ? ನಮ್ಮ ಹಳ್ಳಿಗಳಲ್ಲಿ ಹಾಗೆ ನಡೆದದ್ದುಂಟು. ಮನೆಪಾಠಕ್ಕೆ ಹೋಗುವ ನೀವು ಆ ಇತಿಹಾಸವನ್ನು ಅರಿತರೆ ಲಾಭವಿದೆ.

ಸರ್ಕಾರಿ ಶಾಲೆಗಳು ಬರುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಕೂಲಿಮಠಗಳಿದ್ದವು. ಮಕ್ಕಳ ತಂದೆತಾಯಿಗಳು ಕೊಡುವ ಹಣವೋ ಕಾಳುಕಡ್ಡಿಯೋ ಐಗಳ ಸಂಪಾದನೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಇಂಥ ಶಾಲೆಗಳನ್ನು ಕುರಿತು ಮದರಾಸು ಸರ್ಕಾರಕ್ಕೆ ವರದಿ ಕಳುಹಿಸಿದರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಏಟು! ಮುಂದಿದ್ದ ಮಕ್ಕಳು ಹಿಂದಿದ್ದವರಿಗೆ ಪಾಠ ಹೇಳಬೇಕಿತ್ತು. ಹೀಗೆ ಹೇಳಿಕೊಡುವಾಗ ಅವರ ಸ್ವಂತ ಕಲಿಕೆಯೂ ಗಟ್ಟಿಯಾಗುತ್ತದೆ ಎಂದು ಕ್ಯಾಂಪ್‌ಬೆಲ್ ಮೆಚ್ಚಿಕೊಂಡರು.

ಅಷ್ಟರಲ್ಲಿ ಈ ಪದ್ಧತಿ ಕಡಲು ದಾಟಿಯಾಗಿತ್ತು. 1789ರಲ್ಲಿ ಮದರಾಸಿನ ಸೈನಿಕ ಅನಾಥಾಲಯದ ಮೇಲ್ವಿಚಾರಕರಾದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡರು. ತಮ್ಮ ಶಾಲೆಯ ಸಹಾಯಕರಿಂದ ಆ ಕೆಲಸ ಸಾಗದಿದ್ದಾಗ, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಕೆಳತರಗತಿಯನ್ನು ಒಪ್ಪಿಸಿದರು. ಅವನು ಕಲಿಸಿದ, ಮಕ್ಕಳು ಕಲಿತರು. 1797ರಲ್ಲಿ ಬೆಲ್ ಈ ಪ್ರಯೋಗವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಇದು 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. ಅಲ್ಲಿ ತರಗತಿಯ ಮಕ್ಕಳನ್ನು ಜೋಡಿ ಮಾಡಿ, ಒಬ್ಬ ಹೇಳಿಕೊಡುವವ, ಇನ್ನೊಬ್ಬ ಕಲಿಯುವವ ಎಂದು ಕೂರಿಸುತ್ತಿದ್ದರು.

ಹಾಗೆಂದು ಕೂಲಿಮಠವನ್ನು ಹಾಡಿಹೊಗಳಿ ಸುಮ್ಮನಾಗುವಂತಿಲ್ಲ. ಆಗಿನ ಬಳ್ಳಾರಿ ಜಿಲ್ಲೆಯ 533 ಶಾಲೆಗಳಲ್ಲಿ ಇದ್ದವರು 6,641 ವಿದ್ಯಾರ್ಥಿಗಳು; ಅವರಲ್ಲಿ ಹುಡುಗಿಯರು 60 ಮಾತ್ರ. ಕೊಡಲಾರದವರ ಮಕ್ಕಳಿಗೆ ಆ ಬಾಗಿಲು ತೆರೆಯುವುದು ಕಷ್ಟವಿತ್ತು. ಇನ್ನೊಂದು ಕೊರತೆಯನ್ನೂ ಕ್ಯಾಂಪ್‌ಬೆಲ್ ಗುರುತಿಸಿದರು. ಮಕ್ಕಳು ಪದ್ಯಗಳನ್ನು ಪಟಪಟನೆ ಒಪ್ಪಿಸುತ್ತಿದ್ದರು, ಅರ್ಥ ಮಾತ್ರ ತಿಳಿದಿರಲಿಲ್ಲ. ಅದು ಗಿಳಿಪಾಠ.

ಈ ಎರಡು ನೂರು ವರ್ಷಗಳ ಅನುಭವ ನಿಮಗೇನು ಹೇಳುತ್ತದೆ? ಮನೆಪಾಠಕ್ಕೆ ಹೋಗಿ ನೋಟ್ಸ್ ಬರೆದುಕೊಂಡು ಬಂದರೆ ಅರ್ಧ ಕೆಲಸವೂ ಮುಗಿಯಲಿಲ್ಲ. ದೂರದರ್ಶನದ ಪಾಠಗಳನ್ನು ತಯಾರಿಸುವ ನನಗೆ ಒಂದು ಮಿತಿ ಚೆನ್ನಾಗಿ ಗೊತ್ತು: ಪರದೆಗೆ ನಿಮ್ಮ ಪ್ರಶ್ನೆ ಕೇಳಿಸುವುದಿಲ್ಲ. ಎದುರಿಗೆ ಕುಳಿತ ಮೇಷ್ಟರಿಗೆ ಕೇಳಿಸುತ್ತದೆ. ಅಲ್ಲಿಯೂ ನೀವು ಬಾಯಿ ಬಿಡದೆ ಕುಳಿತರೆ ಪರದೆಗೂ ಮೇಷ್ಟರಿಗೂ ವ್ಯತ್ಯಾಸವೇನು?

ಒಂದು ಪ್ರಯೋಗ ಮಾಡಿ. ಓಮನ ನಿಯಮವನ್ನು ಕಲಿತ ದಿನವೇ, ತಂತಿ ಬಹಳ ಉದ್ದವಾದರೆ ಬಲ್ಬು ಏಕೆ ಮಂಕಾಗುತ್ತದೆ ಎಂದು ತಂಗಿಗೋ ಗೆಳೆಯನಿಗೋ ಪುಸ್ತಕ ನೋಡದೆ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅದನ್ನು ಬರೆದಿಟ್ಟುಕೊಳ್ಳಿ. ನಾಳೆ ಮೇಷ್ಟರನ್ನು ಕೇಳಬೇಕಾದ ಪ್ರಶ್ನೆ ಅದೇ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಪೇಟೆಗಳಲ್ಲಿ ಹಣ ಕೊಟ್ಟರೆ ಟ್ಯೂಷನ್ ಸಿಗುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಅದು ಸುಲಭವಲ್ಲ. ಅಲ್ಲಿನ ಜೇನುಕುರುಬರ ಮಕ್ಕಳು ಮನೆಯಲ್ಲಿ ಆಡುವ ನುಡಿಯೇ ಬೇರೆ, ಪಠ್ಯಪುಸ್ತಕದ ಕನ್ನಡವೇ ಬೇರೆ. ಎರಡನ್ನೂ ಬಲ್ಲ ಹೈಸ್ಕೂಲಿನ ಹುಡುಗಿಯೊಬ್ಬಳು ಸಂಜೆ ತನ್ನ ಹಾಡಿಯ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡರೆ, ಅವರಿಗೆ ಅವಳಿಗಿಂತ ಹತ್ತಿರದ ಗುರು ಯಾರು? ಅವಳ ಪಾಠವೂ ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ.

ನೀವು ಕಲಿತದ್ದನ್ನು ಇಂದು ಸಂಜೆ ಯಾರಿಗೆ ಹೇಳಿಕೊಡುತ್ತೀರಿ? ಮನೆಪಾಠಕ್ಕೆ ಹೊರಡುವ ಮೊದಲೇ ಅದನ್ನು ಯೋಚಿಸಿಕೊಳ್ಳಿ.